ಮಣೆಯ ಕೆಳಗಿನ ಭಾನುವಾರ

ನಮ್ಮೂರಿನ ಕ್ಲಬ್ಬಿನಲ್ಲಿ ಚದುರಂಗ ಗೆದ್ದವನಿಗೆ ಯಾರೂ ಶಹಬ್ಬಾಸ್ ಅನ್ನುವುದಿಲ್ಲ. ಭುಜದ ಮೇಲೆ ಕೈಯಿಟ್ಟು, “ಆರಾಮ ಅದೀ ಇಲ್ಲೋ?” ಎಂದು ಕೇಳುತ್ತಾರೆ. ಸೋತವನೇ ಚಹಾ ಕುಡಿಸುತ್ತಾನೆ, ಹಗುರಾಗಿ ಮೆಟ್ಟಿಲಿಳಿದು ಹೋಗುತ್ತಾನೆ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಇರಲಿ, ಅವರವರ ಊರು ಅವರವರಿಗೆ.

ಆಟ ಶುರುವಾಗುವ ಮೊದಲು ಇಬ್ಬರೂ ಒಂದೊಂದು ಚೀಟಿಯಲ್ಲಿ ಒಂದು ತಾರೀಖು ಬರೆದು, ಮಡಚಿ, ಮಣೆಯ ಕೆಳಗೆ ಸರಿಸಬೇಕು. ಇದಕ್ಕೆ ದಿನ ಇಡುವುದು ಎನ್ನುತ್ತೇವೆ. ಸೋತವನ ದಿನ ಗೆದ್ದವನಿಗೆ ಹೋಗುತ್ತದೆ. ಆ ದಿನ ಏನು ಉಂಡೆ, ಯಾರು ಬೈದರು, ಎಲ್ಲಿ ಬಿದ್ದೆ, ಯಾವುದೂ ಸೋತವನಿಗೆ ಆಮೇಲೆ ನೆನಪಿರುವುದಿಲ್ಲ. ಗೆದ್ದವನಿಗೆ ತನ್ನದೇ ಎಂಬಷ್ಟು ಚೆನ್ನಾಗಿ ನೆನಪಿರುತ್ತದೆ. ಇಟ್ಟರೆ ಇಡೀ ದಿನವನ್ನೇ ಇಡಬೇಕು, ತುಂಡು ಮಾಡಲು ಬರುವುದಿಲ್ಲ. ಆಟ ಸಮವಾದರೆ ಅವರವರ ಚೀಟಿ ಅವರವರ ಜೇಬಿಗೆ. ಬೇಕೆಂದೇ ಸೋತರೆ ದಿನ ಕದಲುವುದಿಲ್ಲ, ಮಣೆಗೆ ತಿಳಿಯುತ್ತದೆ. ಹೇಗೆ ತಿಳಿಯುತ್ತದೆ ಎಂದು ನನ್ನನ್ನು ಕೇಳಬೇಡಿ. ನಾನು ಅಂಗಡಿಗಳ ಬೋರ್ಡು ಬರೆಯುವವನು, ನನಗೆ ಗೊತ್ತಿರುವುದು ಅಕ್ಷರ ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂಬುದಷ್ಟೇ.

ಹೀಗಾಗಿ ನಮ್ಮೂರಲ್ಲಿ ಒಬ್ಬರ ದಿನ ಇನ್ನೊಬ್ಬರ ತಲೆಯಲ್ಲಿರುವುದು ದೊಡ್ಡ ಸಂಗತಿಯಲ್ಲ. ಸೈಕಲ್ ಅಂಗಡಿಯ ಮೌಲಾಸಾಬ್ ಜನ್ಮದಲ್ಲಿ ರಂಗ ಹತ್ತಿದವನಲ್ಲ. ಆದರೂ ನಾಟಕದಲ್ಲಿ ಮಾತು ಮರೆತು ಊರಿನ ಮುಂದೆ ಬಾಯಿ ತೆರೆದು ನಿಂತ ದಿನವೊಂದು ಅವನ ಪಾಲಿಗೆ ಬಂದಿದೆ, ಇವತ್ತಿಗೂ ಮೈಕು ಕಂಡರೆ ಬೆವರುತ್ತಾನೆ. ಗಿರಣಿಯ ಗಂಗವ್ವನ ಹತ್ತಿರ ಹಲ್ಲು ಕೀಳಿಸಿಕೊಂಡ ದಿನಗಳೇ ನಾಲ್ಕಿವೆ; ಅವಳ ಬಾಯಲ್ಲಿ ಮೂವತ್ತೆರಡೂ ಗಟ್ಟಿ. ಯಾರಾದರೂ ಹಳೆಯದೇನಾದರೂ ಹೇಳಿಕೊಂಡು ಕಣ್ಣೊರೆಸಿಕೊಂಡರೆ, “ಇದು ನಿಂದೋ, ಗೆದ್ದದ್ದೋ?” ಎಂದು ಕೇಳುವುದು ನಮ್ಮಲ್ಲಿ ಅಸಭ್ಯ. ಗೆದ್ದವನು ತಾನು ಪಡೆದ ದಿನವನ್ನು ಸೋತವನ ಎದುರು ಬಾಯಿಬಿಟ್ಟು ಹೇಳುವುದಂತೂ ಇನ್ನೂ ಅಸಭ್ಯ.

ನನ್ನ ಹೆಸರು ಫಕೀರಪ್ಪ. ಮದುವೆಯಾಗಿಲ್ಲ. ಸಿಟ್ಟು ಬೇಗ ಬರುತ್ತದೆ, ಅದನ್ನೇನೂ ಮುಚ್ಚಿಡುವುದಿಲ್ಲ. ಸೋಡಾ ಫ್ಯಾಕ್ಟರಿಯ ಮೇಲಿನ ಆ ಕ್ಲಬ್ಬಿನಲ್ಲಿ ಇಪ್ಪತ್ತೆರಡು ವರ್ಷ ಪ್ರತಿ ಭಾನುವಾರ ನಾಭಿರಾಜನ ಎದುರು ಕೂತಿದ್ದೇನೆ. ಅವನದು ಬಳೆ ಅಂಗಡಿ. ಹೆಂಗಸರ ಕೈ ನೋವಾಗದಂತೆ ಬಳೆ ಏರಿಸಿ ಏರಿಸಿ ಅವನ ಮಾತೂ ಮೆತ್ತಗಾಗಿತ್ತು. ನಾವೇನು ದೊಡ್ಡ ಆಟಗಾರರಲ್ಲ. ಹೊರಗಿನ ಪಂದ್ಯಕ್ಕೆ ಹೋದರೆ ಊಟದ ಹೊತ್ತಿಗೆ ವಾಪಸ್ ಬರುವ ಜಾತಿ. ಆದರೆ ನಮ್ಮಿಬ್ಬರಲ್ಲಿ ಅವನೇ ಮೇಲು. ನಾನು ಅವನನ್ನು ಗೆದ್ದದ್ದು ಒಟ್ಟು ಎರಡು ಸಲ, ಅದರಲ್ಲೊಂದು ಸಲ ಅವನಿಗೆ ಜ್ವರವಿತ್ತು.

ಮೂರು ವರ್ಷದ ಹಿಂದೆ ಅವನ ಮಗಳು ಸುಗುಣಿ ಹೋಗಿಬಿಟ್ಟಳು. ಒಂಬತ್ತು ವರ್ಷದ ಹುಡುಗಿ. ಅವನ ಹೆಂಡತಿ ಪದ್ಮಾವತಿ, ಅತ್ತಿಗೆ ಎಂಬ ಅರ್ಥದಲ್ಲಿ ನಾನು ವೈನಿ ಅನ್ನುತ್ತೇನೆ, ತಂಗಿಯ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಅದೊಂದು ಭಾನುವಾರ. ನಾಭಿರಾಜ ಮಗಳನ್ನು ಕ್ಲಬ್ಬಿಗೇ ಕರೆತಂದಿದ್ದ. ಸಂಜೆ ಹುಡುಗಿ ಒಬ್ಬಳೇ ಮನೆಗೆ ಹೊರಟಳು, ದಾರಿಯಲ್ಲಿ ಕಾಲುವೆಗೆ ಬಿದ್ದಳು. “ನಾನ ಕಳಿಸಿದೆ. ನೀ ಮುಂದ ನಡಿ ಅಂತ ನಾನ ಅಂದೆ,” ಎಂದು ನಾಭಿರಾಜ ಕೇಳಿದವರಿಗೆಲ್ಲ ಹೇಳಿದ. ಅವತ್ತು ಅವನ ಎದುರು ಆಡುತ್ತಿದ್ದವನು ನಾನೇ, ಆ ಸಂಜೆ ಕ್ಲಬ್ಬಿನಲ್ಲಿ ನಾವಿಬ್ಬರೇ ಇದ್ದೆವು. ಅವಳು ಬಂದದ್ದು, ಹೋದದ್ದು ನನಗೆ ಸರಿಯಾಗಿ ನೆನಪಿರಲಿಲ್ಲ. ಆಟದಲ್ಲಿ ಕೂತರೆ ಸೂರಿಗೆ ಬೆಂಕಿ ಬಿದ್ದರೂ ನನಗೆ ತಿಳಿಯುವುದಿಲ್ಲ.

ಆಮೇಲೆ ಅವನು ಕ್ಲಬ್ಬಿಗೆ ಬರತೊಡಗಿದ್ದು ಆಟಕ್ಕಲ್ಲ, ಆ ದಿನವನ್ನು ಕಳೆದುಕೊಳ್ಳಲಿಕ್ಕೆ. ಯಾರು ಸಿಕ್ಕರೂ ಎದುರು ಕೂತು ಅದೇ ತಾರೀಖು ಬರೆದಿಡುತ್ತಿದ್ದ. ಚೀಟಿ ಮಡಚಿದ್ದರೇನು, ಊರಿಗೆಲ್ಲ ಗೊತ್ತಿತ್ತು. ಅಂಥ ದಿನವನ್ನು ಗೆದ್ದು ಮನೆಗೊಯ್ಯುವ ಎದೆ ಯಾರಿಗಿದೆ? ಹದಿನೈದು ನಡೆಯಾದ ಮೇಲೆ ಕುದುರೆಯನ್ನು ಹಿಂದೆ ಮುಂದೆ, ಹಿಂದೆ ಮುಂದೆ ನಡೆಸಿ, “ಸಮ ಆತಲ್ಲ ನಾಭಿರಾಜಣ್ಣ” ಎಂದು ಎದ್ದುಬಿಡುತ್ತಿದ್ದರು. ಅವನು ಚೀಟಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ಮೂರು ವರ್ಷ ಹೀಗೇ. ಮನುಷ್ಯ ಸೊರಗಿಹೋದ. ಅಂಗಡಿಯಲ್ಲಿ ಮಕ್ಕಳ ಬಳೆಗಳ ಸಾಲಿಗೆ ಬಟ್ಟೆ ಮುಚ್ಚಿಟ್ಟ. ಯಾರಾದರೂ ಕೇಳಿದರೆ “ಅಳತಿ ಇಲ್ಲವಾ” ಎಂದು ಕಳಿಸುತ್ತಿದ್ದ.

ನನ್ನ ಎದುರು ಮಾತ್ರ ಅವನು ಸಮ ಮಾಡಿಕೊಳ್ಳದೆ ಪೂರಾ ಆಡುತ್ತಿದ್ದ, ಎಂದಿನಂತೆ ಗೆಲ್ಲುತ್ತಿದ್ದ. ನಾನು ಪಾಪದವನು, ಇವನ ದಿನ ನನಗೆ ಬಂದರೆ ಬರಲಿ ಎಂದು ಪ್ರತಿ ವಾರ ಜೀವ ಬಿಟ್ಟು ಆಡುತ್ತಿದ್ದೆ. ಒಂದು ಭಾನುವಾರ ಫ್ಯಾನಿನ ಗಾಳಿಗೆ ಅವನ ಚೀಟಿ ಹಾರಿ ನನ್ನ ಕಾಲಡಿ ಬಿತ್ತು, ಬಿಚ್ಚಿಕೊಂಡೇ ಬಿತ್ತು. ಅದರಲ್ಲಿದ್ದದ್ದು ಆ ತಾರೀಖಲ್ಲ. ಹಿಂದಿನ ವಾರದ್ದು, ಕೊಡೆ ಮರೆತು ಬಸ್ಸಿನಲ್ಲಿ ಬಿಟ್ಟು ಬಂದೆನೆಂದು ಅವನೇ ನನಗೆ ಹೇಳಿದ್ದ ದಿನ. ಹಾಗಾದರೆ ಮೂರು ವರ್ಷ ನನ್ನ ಎದುರು ಕೊಡೆ, ನೆಗಡಿ, ಒಡೆದ ಬಳೆ ಇಂಥವನ್ನೇ ಇಟ್ಟು ಆಡಿದ್ದಾನೆ! ನನಗೆ ತಲೆ ಕೆಟ್ಟುಹೋಯಿತು.

“ಏನೋ ಇದು? ದಾರ್ಯಾಗ ಹೋಗೋರ ಮುಂದೆಲ್ಲ ಆ ದಿನ ಇಡತಿ, ನನ್ನ ಮುಂದ ಕೊಡಿ ಇಡತಿ?”

“ನಿನಗ ಬ್ಯಾಡೋ ಫಕೀರಪ್ಪ,” ಎಂದ ಅವನು, ಚೀಟಿ ಕಸಿದುಕೊಳ್ಳುತ್ತ. “ಯಾರಿಗರೆ ಆಗಲಿ, ನಿನಗ ಬ್ಯಾಡ.”

“ನಾ ಗೆಲ್ಲೂದಿಲ್ಲಂತ ತಿಳಕೊಂಡೀ ಏನು?”

“ಅದಲ್ಲೋ. ನೀ ತಡಕೊಳ್ಳೂದಿಲ್ಲ.”

“ಓಹೋ! ನಾ ತಡಕೊಳ್ಳೂದಿಲ್ಲ. ಅಂಜಿ ಕುದುರಿ ಕುಣಿಸತಾರಲ್ಲ, ಅವರು ತಡಕೋತಾರ. ಇಪ್ಪತ್ತೆರಡು ವರ್ಷ ಆತು, ನಾ ನಿನಗ ಯಾರು?” ಎಂದು ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಗೆಳೆಯನಲ್ಲ, ಜೊತೆಗೆ ಕೂರಿಸಿಕೊಳ್ಳುವ ಗೊಂಬೆ ಮಾಡಿಟ್ಟಿದ್ದೀಯ ಎಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಎರಡು ವಾರ ನಾನು ಕ್ಲಬ್ಬಿಗೆ ಹೋಗಲಿಲ್ಲ. ಮೂರನೇ ವಾರ ಅವನೇ ನನ್ನ ಶೆಡ್ಡಿಗೆ ಬಂದು, ಬಣ್ಣದ ಡಬ್ಬಿಗಳ ನಡುವೆ ನಿಂತುಕೊಂಡ. ಕಣ್ಣು ಗುಳಿಬಿದ್ದಿದ್ದವು.

“ನನಗ ಸಾಕಾಗೇತೋ,” ಎಂದ. “ಕಣ್ಣು ಮುಚ್ಚಿದರ ಅದೇ ದಿನ. ಬಿಟ್ಟರ ಅದೇ ದಿನ. ಯಾರೂ ತಗೊಳ್ಳವಲ್ಲರು. ನೀ ಖರೇನ ತಗೋತೀ ಏನು?”

“ಬಾಯಿ ಬಿಟ್ಟು ಕೇಳಿದೆಯಲ್ಲ, ಸಾಕು.”

“ಒಂದು ಮಾತು ತಿಳಕೊ. ಅದು ಹೋದಮ್ಯಾಲ ಅದರಾಗ ಏನಿತ್ತಂತ ನನಗ ಗೊತ್ತಿರೂದಿಲ್ಲ. ನೀ ಬಂದು ಏನ್ ಕೇಳಿದರೂ ನನ್ನ ಹತ್ರ ಉತ್ತರ ಇರೂದಿಲ್ಲ.”

“ನಾ ಏನ್ ಕೇಳಲಿ ನಿನ್ನ? ಹೋಗು, ಮೂರು ತಿಂಗಳು ಬಿಟ್ಟು ಆಡೂಣು. ನಾ ಕಲಕೊಂಡು ಬರತೀನಿ,” ಎಂದೆ. ವೈನಿಯನ್ನು ಕೇಳಿದ್ದೀಯಾ ಎಂದು ವಿಚಾರಿಸಬೇಕೆಂದು ನನಗೆ ಹೊಳೆಯಲಿಲ್ಲ. ಅವನಿಗೂ ಹೊಳೆದಿರಲಿಲ್ಲ.

ಮೂರು ತಿಂಗಳು ನಾನು ಪಂಕ್ಚರ್ ಹಾಕುವ ಮೌಲಾಸಾಬನನ್ನು ಬಿಡಲಿಲ್ಲ. ಅವನು ಟ್ಯೂಬಿಗೆ ಗಾಳಿ ಹೊಡೆಯುತ್ತಲೇ ನಡೆ ಹೇಳುತ್ತಿದ್ದ, ನಾನು ಸ್ಟೂಲಿನ ಮೇಲೆ ಮಣೆ ಹರವಿಕೊಂಡು ಸೋಲುತ್ತಿದ್ದೆ. “ನಿನ್ನ ತಪ್ಪು ಗೊತ್ತೈತೇನಪಾ? ನೀ ಎದುರಿನವನ್ನ ನೋಡೂದಿಲ್ಲ. ಮಣಿ ಅಷ್ಟ ನೋಡತಿ,” ಎನ್ನುತ್ತಿದ್ದ. ಎದುರಿನವನನ್ನು ನೋಡುವುದು ಯಾಕೆ, ಅವನೇನು ಮಂತ್ರಿಯೇ ಆನೆಯೇ ಎಂದು ನಾನು ವಾದ ಹೂಡುತ್ತಿದ್ದೆ.

ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೂತೆವು. ಸುದ್ದಿ ಹಬ್ಬಿತ್ತು, ಕ್ಲಬ್ಬಿನ ಜನ ಬಂದು ಗೋಡೆಗೆ ಒರಗಿ ನಿಂತರು. ಅವನು ಚೀಟಿ ಬರೆದ. ನಾನೂ ಬರೆದೆ. ಸೋಲಲೇಬಾರದೆಂದು ನನ್ನದೊಂದು ಒಳ್ಳೆಯ ದಿನವನ್ನೇ ಇಟ್ಟೆ: ನನ್ನಪ್ಪ ಮೊದಲ ಸಲ ನನ್ನ ಕೈಗೆ ಕುಂಚ ಕೊಟ್ಟು, ಬಟ್ಟೆ ಅಂಗಡಿಯೊಂದರ ಬೋರ್ಡಿನ ಮೇಲೆ ‘ಶ್ರೀ’ ಬರೆಸಿದ ದಿನ. ಅಪ್ಪ ಅಂದು ಒಮ್ಮೆಯೂ ಬೈಯಲಿಲ್ಲ. ಅಂಥ ದಿನ ನನ್ನ ಹತ್ತಿರ ಇದ್ದದ್ದು ಅದೊಂದೇ.

ಬಿಳಿ ಕಾಯಿ ಅವನಿಗೆ. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಸರಿಸಿದ, ಯಾವಾಗಲೂ ಸರಿಸುವ ಹಾಗೆ. ಸೋಲಬೇಕೆಂದು ಬಂದವನು ಗೆಲ್ಲಬೇಕೆಂದೇ ಆಡಬೇಕಿತ್ತು. ಅದೆಂಥ ಶಿಕ್ಷೆ ಎಂದು ನನಗೆ ಎದುರು ಕೂತಾಗಲೇ ಗೊತ್ತಾದದ್ದು. ಇಪ್ಪತ್ತನೇ ನಡೆಯ ಹೊತ್ತಿಗೆ ನಾನು ಒಂದು ಕುದುರೆಯನ್ನು ಕಾವಲಿಲ್ಲದ ಮನೆಯಲ್ಲಿ ಬಿಟ್ಟೆ. ಬಿಟ್ಟ ಕೂಡಲೇ ಗೊತ್ತಾಯಿತು. ಅವನಿಗೂ ಕಂಡಿತು. ಹೊಡೆದರೆ ಆಟ ಅವನ ಕೈಗೆ, ಬಿಟ್ಟರೆ ಮಣೆಗೆ ತಿಳಿಯುತ್ತದೆ. ಅವನು ನನ್ನ ಕುದುರೆಯನ್ನೇ ನೋಡುತ್ತ ಕಾಲು ಗಂಟೆ ಕೂತ. ಆಮೇಲೆ ಹೊಡೆದ. ಹೊಡೆದ ಕಾಯಿಯನ್ನು ಪಕ್ಕಕ್ಕಿಡುವಾಗ ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಗೋಡೆಗೆ ಒರಗಿದ್ದ ಗಂಗವ್ವ “ಅಯ್ಯ ಶಿವನೇ” ಎಂದು ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು.

ಒಂದು ಕುದುರೆ ಕಡಿಮೆಯಾದ ಮೇಲೆ ನನ್ನ ಹತ್ತಿರ ಉಳಿದದ್ದು ಹಟ ಒಂದೇ. ಮಂತ್ರಿಯನ್ನು ಅವನ ರಾಜನ ಕಡೆ ತಂದಿಟ್ಟೆ. ನನ್ನ ಒಂಟೆಯೊಂದು ಬಹಳ ಹೊತ್ತಿನಿಂದ ದೂರದಲ್ಲಿ ಸುಮ್ಮನೆ ಕೂತಿತ್ತು. ಅವನ ರಾಜನ ಮುಂದಿನ ಮನೆಗೆ ಅದರ ಓರೆ ದಾರಿ ನೇರವಾಗಿತ್ತು, ಆದರೆ ನಡುವೆ ಅವನದೊಂದು ಕಾಲಾಳು ಅಡ್ಡ ನಿಂತಿತ್ತು. ಆ ಕಾಲಾಳಿನ ಮುಂದೆ ಯಾರೂ ಇರಲಿಲ್ಲ. ಮೂರು ಹೆಜ್ಜೆ ನಡೆದರೆ ಅದು ಮಂತ್ರಿಯಾಗುತ್ತಿತ್ತು.

ಆಗ ನಾನು ಮೌಲಾಸಾಬನ ಮಾತು ಕೇಳಿ ತಲೆ ಎತ್ತಿ ನೋಡಿದೆ. ನಾಭಿರಾಜನ ಮುಖದಲ್ಲಿ ಅಳುವಿರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅವನ ಕಣ್ಣಲ್ಲಿ ಆಟದ ಆಸೆ ಇತ್ತು. ತುಟಿಯೊಳಗೆ ಒಂದು, ಎರಡು, ಮೂರು ಎಂದು ಮನೆ ಎಣಿಸುತ್ತಿದ್ದ. ಯಾಕೆ ಬಂದೆ, ಚೀಟಿಯಲ್ಲಿ ಏನು ಬರೆದೆ ಎಂಬುದೆಲ್ಲ ಆ ಗಳಿಗೆ ಅವನಿಗೆ ಮರೆತೇಹೋಗಿತ್ತು. ಕಾಲಾಳು ಮಂತ್ರಿಯಾಗಬೇಕು ಅಷ್ಟೇ. ಅವನು ಅದನ್ನು ಒಂದು ಮನೆ ಮುಂದೆ ನೂಕಿದ. ಒಂಟೆಯ ದಾರಿ ತೆರೆಯಿತು. ನಾನು ಮಂತ್ರಿಯಿಂದ ಅವನ ರಾಜನ ಮುಂದಿನ ಕಾಲಾಳನ್ನು ಹೊಡೆದು ಶಹ ಕೊಟ್ಟೆ. ರಾಜ ಮಂತ್ರಿಯನ್ನು ಮುಟ್ಟುವ ಹಾಗಿರಲಿಲ್ಲ, ಓಡಲೂ ಮನೆಯಿರಲಿಲ್ಲ.

“ಅಯ್ಯ, ಒಂಟಿ ನೋಡಲೇ ಇಲ್ಲಲ್ಲೋ!” ಎಂದು ಅವನು ಹಣೆ ಬಡಿದುಕೊಂಡ. ಖರೆಖರೆ ಬೇಸರದಿಂದಲೇ ಅಂದ. ಆಮೇಲೆ ನೆನಪಾಯಿತು. ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡ. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಜನರೆಲ್ಲ ನನ್ನ ಭುಜ ಮುಟ್ಟಿ “ಆರಾಮ ಅದೀ ಇಲ್ಲೋ?” ಎಂದು ಕೇಳುವಾಗ ನಾನು ಗಂಡುಗಲಿಯ ಹಾಗೆ ತಲೆಯಾಡಿಸಿದೆ.

ಗೆದ್ದ ದಿನ ಒಮ್ಮೆಲೇ ಬರುವುದಿಲ್ಲ. ಮಾರನೆಯ ದಿನ ಹೊತ್ತು ಹುಟ್ಟುವಾಗ ಶುರುವಾಗಿ, ಗಂಟೆಗೆ ಗಂಟೆ ಸರಿಯಾಗಿ ಬರುತ್ತದೆ. ಸೋಮವಾರ ಬೆಳಿಗ್ಗೆ ನಾನು ಎದ್ದದ್ದು ಸುಗುಣಿಯನ್ನು ಎಬ್ಬಿಸುತ್ತ. ಅವಳು ಹೊದಿಕೆಯೊಳಗೆ ಮುಖ ಹುದುಗಿಸಿ, “ಇವತ್ತು ಐತಾರ ಅಪ್ಪಾ, ಸೂಟಿ” ಎಂದಳು. ಅಂಗಾಲಿಗೆ ಕಚಗುಳಿ ಇಟ್ಟರೆ ಕಿಲಕಿಲ ನಕ್ಕು ಎದ್ದು ಕೂತಳು. ಉಪ್ಪಿಟ್ಟು ತಳ ಹತ್ತಿತು. “ಅವ್ವಗ ಹೇಳೂದಿಲ್ಲ ಬಿಡು,” ಎಂದು ಹತ್ತಿದ್ದನ್ನೇ ಕೆರೆದು ಕೆರೆದು ತಿಂದಳು. ಆಮೇಲೆ ಜಡೆ. ನನಗೆ ಮಕ್ಕಳಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದ ಕೂದಲನ್ನು ಮೂರು ಎಳೆ ಮಾಡಿ ಹೆಣೆಯುವುದು ಹೇಗೆಂದು ಅಂದು ನನ್ನ ಬೆರಳುಗಳಿಗೆ ತಿಳಿಯಿತು. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕಿವಿಯ ಕೆಳಗೆ. ಕನ್ನಡಿ ನೋಡಿ, “ನಾ ಒಂದು ಕಡೆ ವಾಲೀನೇನು?” ಎಂದು ಹೊಟ್ಟೆ ಹಿಡಿದು ನಕ್ಕಳು. ಹಸಿರು ಬಳೆ ಬೇಕೆಂದಳು, ಕೈಗೆ ಆರಾರು ಏರಿಸಿದೆ. ಇದನ್ನೆಲ್ಲ ನೆನೆಯುತ್ತ ನಾನು ಏಣಿಯ ಮೇಲೆ ನಿಂತು ಹೊಸ ಖಾನಾವಳಿಯ ಬೋರ್ಡು ಬರೆಯುತ್ತಿದ್ದೆ. ಸುಖವಾಗಿತ್ತು. ಇಷ್ಟು ಒಳ್ಳೆಯ ದಿನವನ್ನು ಈ ಮಾರಾಯ ಹೇಗೆ ಕೊಟ್ಟ ಎಂದುಕೊಂಡೆ. ನಮ್ಮೂರವರು ಮಾಡುವ ತಪ್ಪೇ ಇದು. ಒಂದು ಗಳಿಗೆಯ ನೋವಿಗೆ ಅಂಜಿ ದಿನ ಬರೆದಿಡುತ್ತಾರೆ, ದಿನಕ್ಕೆ ಬೆಳಗೂ ಇರುತ್ತದೆ ಎಂಬುದು ಆ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ.

ಸಂಜೆ ನಾಲ್ಕೂವರೆಗೆ ಅವಳು ಕ್ಲಬ್ಬಿನ ಮೆಟ್ಟಿಲು ಹತ್ತಿ ಬಂದಳು. ಕೆಳಗೆ ಸೋಡಾ ಗೋಲಿಗಳಲ್ಲಿ ಆಡಿ ಆಡಿ ಸಾಕಾಗಿತ್ತು. “ಅಪ್ಪಾ, ಹಸಿವಿ ಆಗೇತಿ. ಮನಿಗೆ ಹೋಗೂಣು ನಡಿ.” ನಾನು ಎಂದರೆ ನಾಭಿರಾಜ, ಎದ್ದು ನಿಂತ. ಚಪ್ಪಲಿಗೆ ಕಾಲು ಹಾಕಿದ. ಆಗ ಎದುರು ಕೂತವನು ತಲೆ ಎತ್ತದೆಯೇ ಕೈ ಚಾಚಿ ಅವನ ಮಣಿಕಟ್ಟು ಹಿಡಿದುಕೊಂಡ. ನಡುನೆತ್ತಿ ಬೋಳಾದ, ಉಗುರಿನ ತುಂಬ ಕೆಂಪು ಬಣ್ಣ ತುಂಬಿದ ಮನುಷ್ಯ. “ಕೂಡೋ! ಸೋಲೂ ಹೊತ್ತಿಗೆ ನಿನಗ ಮಗಳು ನೆನಪಾಗತಾಳ. ಇನ್ನು ನಾಕು ನಡಿ, ಮುಗೀತು. ಹುಡುಗಿಗೆ ದಾರಿ ಗೊತ್ತಿಲ್ಲೇನು? ಹೋಗವಾ ಸುಗುಣಿ, ನೀ ಮುಂದ ನಡಿ, ನಿಮ್ಮಪ್ಪ ಹಿಂದ ಬರತಾನ.” ನಾಭಿರಾಜ ಕೈ ಕೊಸರಿದ. ಆ ಮನುಷ್ಯ ಬಿಡಲಿಲ್ಲ. ಸುಗುಣಿ ಅಪ್ಪನ ಮುಖ ನೋಡಿದಳು, ಆ ಮನುಷ್ಯನ ಬೋಳುತಲೆ ನೋಡಿದಳು, “ಹೂಂ ಕಾಕಾ” ಎಂದು ಇಳಿದು ಹೋದಳು. ಹಸಿರು ಬಳೆಯ ಸದ್ದು ಮೆಟ್ಟಿಲ ಕೊನೆಯವರೆಗೂ ಕೇಳಿಸಿತು.

ನಾನು ಏಣಿಯಿಂದ ಇಳಿದು ರಸ್ತೆಯ ಮೇಲೇ ಕೂತೆ. ಖಾನಾವಳಿಯವನು ನೀರು ತಂದುಕೊಟ್ಟ. ನನ್ನನ್ನು ನಾನು ಎದುರಿನಿಂದ ಕಂಡದ್ದು ಅದೇ ಮೊದಲು. ಆ ಮಾತು ಆಡಿದ್ದು ನನಗೆ ನೆನಪೇ ಇರಲಿಲ್ಲ, ನನ್ನದೇ ಬಾಯಿ, ನನ್ನದೇ ಕೈ. ಆಮೇಲಿನದೂ ಬಂತು: ನಾಲ್ಕು ನಡೆಯಲ್ಲ, ನಲವತ್ತು ನಿಮಿಷ ನಾನು ಒಂದೇ ನಡೆಗೆ ಯೋಚಿಸುತ್ತ ಕೂತದ್ದು, ಮನೆಗೆ ಹೋದರೆ ಬಾಗಿಲಿಗೆ ಹಾಕಿದ ಬೀಗ ಹಾಗೇ ಇದ್ದದ್ದು, ಕಾಲುವೆಯ ದಂಡೆಯಲ್ಲಿ ಒಂದು ಚಪ್ಪಲಿ, ಇನ್ನೊಂದು ನೀರಿನಲ್ಲಿ ತೇಲುತ್ತಿದ್ದದ್ದು. ನೀರಿಗಿಳಿದ ನಾಭಿರಾಜನ ಕೈಗೆ ಮೊದಲು ಸಿಕ್ಕಿದ್ದು ಜಡೆ. ಇಷ್ಟನ್ನು ಎದೆಯಲ್ಲಿಟ್ಟುಕೊಂಡು ಮೂರು ವರ್ಷ ಅವನು ಪ್ರತಿ ಭಾನುವಾರ ನನ್ನ ಎದುರು ಕೂತಿದ್ದ. ಊರಿಗೆ ‘ನಾನೇ ಕಳಿಸಿದೆ’ ಎಂದಿದ್ದ. ನನಗೆ ಬೇಡವೆಂದದ್ದು ಇದಕ್ಕೆ. ನಾನು ಜಗಳ ತೆಗೆದು ಇಸಿದುಕೊಂಡೆ.

ಮುಂದಿನ ಭಾನುವಾರ ಅವನು ಕ್ಲಬ್ಬಿನಲ್ಲಿ ನನಗಿಂತ ಮೊದಲೇ ಬಂದು ಕೂತಿದ್ದ. ಮುಖದಲ್ಲಿ ರಕ್ತ ಬಂದಿತ್ತು. ಮಗಳು ಇಲ್ಲವೆಂಬುದು ಅವನಿಗೆ ಗೊತ್ತು, ಕಾಲುವೆಯಲ್ಲಿ ಹೋದಳೆಂಬುದೂ ಜನ ಹೇಳಿ ಗೊತ್ತು, ಪಕ್ಕದ ಮನೆಯ ಸುದ್ದಿ ಗೊತ್ತಿರುವಷ್ಟು. “ಬಾರೋ! ಎಷ್ಟು ಹಗುರ ಆಗೇತಿ ಗೊತ್ತೈತೇನು, ಮೂರು ರೊಟ್ಟಿ ತಿಂದು ಬಂದೀನಿ,” ಎಂದವನು ನನ್ನ ಮುಖ ನೋಡಿ ದನಿ ತಗ್ಗಿಸಿದ. “ಭಾಳ ಭಾರ ಐತೇನೋ?”

“ನಾಭ್ಯಾ, ಅವತ್ತ ನಾನ...”

ಅವನು ಎರಡೂ ಕಿವಿ ಮುಚ್ಚಿಕೊಂಡ. “ಬ್ಯಾಡೋ, ಹೇಳಬ್ಯಾಡ. ನಿನ್ನ ಕಾಲಿಗೆ ಬೀಳತೀನಿ.”

“ಹಂಗಾರ ನನ್ನ ಕ್ಷಮಾ ಮಾಡು.”

“ಯಾತಕ್ಕ?” ಎಂದು ಅವನು ನಕ್ಕ. “ನನ್ನ ಸೋಲಿಸಿದ್ದಕ್ಕೇನು? ಮಾಡೀನಿ ಬಿಡು. ಹೂಂ, ಕಾಯಿ ಜೋಡಸು.”

ಅವನು ಅಂದದ್ದು ಒಳ್ಳೆಯ ಮನಸ್ಸಿನಿಂದಲೇ. ಆ ಕ್ಷಮೆಯನ್ನು ತೆಗೆದುಕೊಂಡು ನಾನು ಎಲ್ಲಿಗೆ ಹೋಗಲಿ? ಹೊಟ್ಟೆನೋವೆಂದು ಹೇಳಿ ಎದ್ದು ಬಂದುಬಿಟ್ಟೆ. ಆ ದಿನವನ್ನು ನಾನೂ ಯಾರ ಮುಂದಾದರೂ ಇಟ್ಟು ಕಳೆದುಬಿಡಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಮೌಲಾಸಾಬ್ ತೆಗೆದುಕೊಂಡಾನೆ, ಅವನ ಎದೆ ಗಟ್ಟಿ ಎಂದೆಲ್ಲ ಯೋಚಿಸಿದೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಪದ್ಮಾವತಿ ವೈನಿ ನನ್ನ ಶೆಡ್ಡಿಗೆ ಬಂದರು. ಒಳಗೆ ಬಂದವರೇ ಸಿಡಿದರು.

“ಯಾರನ್ನ ಕೇಳಿ ತಗೊಂಡ್ರಿ ಅದನ್ನ?”

ನಾನು ಕುಂಚ ಕೆಳಗಿಟ್ಟೆ.

“ನಾ ಅವತ್ತ ಊರಾಗ ಇದ್ದಿದ್ದಿಲ್ಲ. ನನ್ನ ಮಗಳ ಕಡೀ ದಿನ ನಾ ನೋಡಿಲ್ಲ. ಮುಂಜಾನೆ ಏನ್ ತಿಂದಳು, ಏನ್ ಮಾತಾಡಿದಳು ಅಂತ ಮೂರು ವರ್ಷ ಕೇಳೀನಿ. ಕೇಳಿದರ ಎದ್ದು ಹೋಗತಿದ್ದರು. ಇವತ್ತಿಲ್ಲ ನಾಳೆ ಹೇಳತಾರ, ಎಲ್ಲಿ ಹೋಗತೈತಿ, ಅವರ ಹತ್ರ ಐತೆಲ್ಲ ಅಂತ ಕಾದೆ. ನಿನ್ನೆ ಕೇಳಿದರ ‘ಗೊತ್ತಿಲ್ಲ ಪದ್ಮಾ’ ಅಂತಾರ! ನಕ್ಕೋತ ಅಂತಾರ!” ಅವರ ದನಿ ಒಡೆಯಿತು. “ಮನಿಯಾಗಿನ ದಿನ ತಂದು ನಿಮ್ಮ ಕೈಯಾಗ ಕೊಟ್ಟಾರ. ಹೇಳ್ರಿ ನನಗ.”

ಬಣ್ಣದ ಡಬ್ಬಿಯೊಂದನ್ನು ಬೋರಲು ಹಾಕಿ ಕೂರಲು ಕೊಟ್ಟೆ. ಬೆಳಗಿನಿಂದ ಹೇಳಿದೆ. ಕಚಗುಳಿ, ಹತ್ತಿದ ಉಪ್ಪಿಟ್ಟು, ಅವ್ವನಿಗೆ ಹೇಳುವುದಿಲ್ಲ ಬಿಡು ಎಂದದ್ದು, ವಾಲಿದ ಜಡೆ, ಹಸಿರು ಬಳೆ. ವೈನಿ ಅಳಲಿಲ್ಲ. ನೀರಡಿಸಿದವರು ನೀರು ಕುಡಿಯುವ ಹಾಗೆ ಕೇಳಿದರು. “ಬಲಗಡಿ ಜಡಿ ಮ್ಯಾಲೋ, ಎಡಗಡೀದೋ?” ಎಂದು ನಡುವೆ ಒಮ್ಮೆ ಕೇಳಿದರು. ಬಲಗಡೆಯದು ಎಂದೆ. ಮಾತು ಕ್ಲಬ್ಬಿನ ಮೆಟ್ಟಿಲವರೆಗೆ ಬಂತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಊರಿಗೆಲ್ಲ ಗೊತ್ತಿರುವ ಮಾತನ್ನೇ ಅವರಿಗೂ ಹೇಳಬಹುದಿತ್ತು. ಸುಳ್ಳೆನ್ನಲು ಜಗತ್ತಿನಲ್ಲಿ ಯಾರೂ ಉಳಿದಿರಲಿಲ್ಲ. ನನಗೆ ಆ ಆಸೆ ಬಂತು, ಬರಲಿಲ್ಲ ಎನ್ನಲಾರೆ. ಆದರೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಮಣಿಕಟ್ಟು ಹಿಡಿದದ್ದು, ಆಡಿದ ಮಾತು, ನಲವತ್ತು ನಿಮಿಷ.

ಅವರು ನನ್ನ ಕೈಯನ್ನೇ ನೋಡಿದರು.

“ಇದ ಕೈ ಏನು?”

“ಹೂಂ ವೈನಿ.”

“ನಾನ ಕಳಿಸಿದೆ ಅಂದಿದ್ದರಲ್ಲ ಅವರು,” ಎಂದರು ಮೆಲ್ಲಗೆ. “ಅದನ್ನ ನಂಬಿ ನಾ ಒಂದು ವರ್ಷ ಅವರ ಜೋಡಿ ಮಾತಾಡಲಿಲ್ಲ. ತಾಟು ಕುಕ್ಕಿ ಬಡಿಸತಿದ್ದೆ. ಮಗಳನ್ನ ಕೊಂದ್ರಿ ಅಂತ ಬಾಯಿಲೆ ಅಂದೀನಿ. ಆವಾಗೂ ನಿಮ್ಮ ಹೆಸರು ಹೇಳಲಿಲ್ಲ.” ಎದ್ದರು. ಸೆರಗು ಹೊದ್ದುಕೊಂಡರು. ಬಾಗಿಲಲ್ಲಿ ನಿಂತು, ತಿರುಗದೆಯೇ, “ಈಗ ಹೋಗಿ ತಪ್ಪಾತು ಅಂತ ಕೈ ಮುಗದರ, ಯಾತಕ್ಕ ಅಂತ ಕೇಳತಾರ ನೋಡ್ರಿ,” ಎಂದು ಹೊರಟುಹೋದರು.

ಇನ್ನು ಅವರು ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ. ಆದರೆ ಭಾನುವಾರ, ನಾಭಿರಾಜ ಕ್ಲಬ್ಬಿಗೆ ಹೋದ ಹೊತ್ತಿನಲ್ಲಿ, ಮತ್ತೆ ಬಂದರು. ಅದೇ ಡಬ್ಬಿಯ ಮೇಲೆ ಕೂತರು. “ನಿಮ್ಮನ್ನ ಕ್ಷಮಾ ಮಾಡಾಕ ಬಂದಿಲ್ಲ,” ಎಂದರು. “ಒಂದು ಮಾತು ಹೇಳಾಕ ಬಂದೀನಿ. ಆ ದಿನ ಯಾರ ಮುಂದೂ ಇಡಬ್ಯಾಡ್ರಿ. ಅದು ಕೈಯಿಂದ ಕೈಗೆ ಹೋಗಿ ಎಲ್ಲೆರೆ ಕಳದರ, ನನ್ನ ಮಗಳ ಆ ಮುಂಜಾನಿ ಎಲ್ಲೂ ಉಳಿಯೂದಿಲ್ಲ. ಸಾಯೂತನಕ ನೀವ ಇಟಗೋಬೇಕು.”

ಆಗಲಿ ಎಂದೆ. ಮಣೆಯ ಮುಂದೆ ಕೂತರೆ ಚೀಟಿಯಲ್ಲಿ ಆ ತಾರೀಖನ್ನೇ ಬರೆದುಬಿಡುತ್ತೇನೆಂದು ನನಗೆ ಗೊತ್ತಿತ್ತು. ಅಂದಿನಿಂದ ನಾನು ಮಣೆ ಮುಟ್ಟಿಲ್ಲ. ನಾಭಿರಾಜ ಎರಡು ಸಲ ಕರೆಯಲು ಬಂದ, ಆಮೇಲೆ ಮುನಿಸಿಕೊಂಡ, ಈಗ ಮೌಲಾಸಾಬನ ಜೊತೆ ಆಡುತ್ತಾನೆ, ನಗುತ್ತಾನೆ, ಮಕ್ಕಳ ಬಳೆಗಳ ಮೇಲಿನ ಬಟ್ಟೆ ತೆಗೆದಿದ್ದಾನಂತೆ.

ವೈನಿ ಪ್ರತಿ ಭಾನುವಾರ ಬರುತ್ತಾರೆ. ಚಹಾ ಕೊಟ್ಟರೆ ಮುಟ್ಟುವುದಿಲ್ಲ, ನನ್ನನ್ನು ಏನೂ ವಿಚಾರಿಸುವುದಿಲ್ಲ. ನಾನು ಬೆಳಗಿನಿಂದ ಹೇಳುತ್ತೇನೆ, ಅವರು ಕಣ್ಣು ಮುಚ್ಚಿ ಕೇಳುತ್ತಾರೆ, ಒಮ್ಮೊಮ್ಮೆ ತುಟಿಯಂಚಿನಲ್ಲಿ ನಗುತ್ತಾರೆ. ನಾಲ್ಕೂವರೆಯಾಗಿ ಸುಗುಣಿ ಮೆಟ್ಟಿಲು ಹತ್ತತೊಡಗಿದ ಕೂಡಲೇ ಕೈ ಎತ್ತಿ ನನ್ನನ್ನು ತಡೆಯುತ್ತಾರೆ.

“ಸಾಕು,” ಎನ್ನುತ್ತಾರೆ. “ಮತ್ತ ಎಬ್ಬಸ್ರಿ ಅಕಿನ್ನ.”

ಉಳಿದದ್ದನ್ನು ನನ್ನಲ್ಲೇ ಇಟ್ಟುಕೊಂಡು, ನಾನು ಮತ್ತೆ ಹುಡುಗಿಯನ್ನು ಎಬ್ಬಿಸುತ್ತೇನೆ.